ಹಲಸಿನ ಮರದ ತಿರುವಿನಲ್ಲಿ ಮಣ್ಣಿನ ಡಬ್ಬಿ

ನನ್ನಿಂದ ಇಂಜಿನಿಯರಿಂಗ್ ಮುಗಿಯುವುದಿಲ್ಲ ಎಂದು ಹೇಳಿದವನು ನನ್ನ ಕಾಕಾ, ಅಪ್ಪನ ತಮ್ಮ. ಗುಟ್ಟಾಗೇನೂ ಹೇಳಲಿಲ್ಲ. ಖಾಸಬಾಗದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಬಾಜೂ ಮನೆಯವರಿಗೂ ಕೇಳುವ ಹಾಗೆ ಹೇಳಿದ.

“ನಮ್ಮ ಮನಿತನದಾಗ ಹತ್ತನೇತ್ತಾ ದಾಟಿದವರ ಇಲ್ಲ. ಇಕಿ ಇಂಜಿನಿಯರ್ ಆಗ್ತಾಳಂತ! ಮೊದಲ ಸೈಕಲ್ ಚೈನ್ ಏರ್ಸಾಕ ಕಲೀ ಅನ್ರಿ.”

ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವವನು. ಕಾಕಾ ಅಲ್ಲೇ ಹತ್ತಿರ ಸಣ್ಣ ಲೇಥ್ ಅಂಗಡಿ ಇಟ್ಟವನು. ಕಬ್ಬಿಣದ ವಾಸನೆ ನಮ್ಮ ಮನೆಯ ಅಡುಗೆಯಲ್ಲೂ ಇರುತ್ತಿತ್ತು, ಆದರೆ ಪುಸ್ತಕ ಓದಿ ಕಬ್ಬಿಣದ ಕೆಲಸ ಕಲಿತವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾನು ಕಾಲೇಜು ಸೇರಿ ಗಣಿತದಲ್ಲಿ ನಪಾಸಾದೆ, ಮತ್ತೆ ಬರೆದು ಪಾಸಾದೆ. ಇಂಗ್ಲಿಷ್ ಪಾಠಗಳನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಹಾಗೂ ಹೀಗೂ ಕೊನೆಯ ವರ್ಷಕ್ಕೆ ಬಂದಾಗ ಉಳಿದದ್ದು ಒಂದೇ, ಪ್ರಾಜೆಕ್ಟ್. ಅದು ದಾಟಿದರೆ ಪದವಿ. ದಾಟದಿದ್ದರೆ ಕಾಕಾ ಹೇಳಿದ್ದೇ ಖರೆ.

ಆ ಪ್ರಾಜೆಕ್ಟ್ ನನಗೆ ಸಿಕ್ಕಿದ್ದು ಖಾನಾಪುರದ ಒಂದು ಹಿತ್ತಲಲ್ಲಿ. ಅವ್ವನ ಅವ್ವ, ನಮ್ಮ ಆಯಿ, ಇರುವುದು ಖಾನಾಪುರದಲ್ಲಿ. ವಯಸ್ಸಿನಲ್ಲಿದ್ದಾಗ ಅಲ್ಲಿನ ಒಂದು ಹಂಚಿನ ಫ್ಯಾಕ್ಟರಿಯಲ್ಲಿ ಮಣ್ಣು ನೂಕಿದವಳು. ಕೆರೆಯ ಕಡೆಯ ಗುಂಡಿಯಿಂದ ಫ್ಯಾಕ್ಟರಿಯವರೆಗೆ ಸಣ್ಣ ಹಳಿ. ಅದರ ಮೇಲೆ ಗಾಲಿ ಇರುವ ಕಬ್ಬಿಣದ ಡಬ್ಬಿ. ಅದರಲ್ಲಿ ಹಸಿ ಮಣ್ಣು ತುಂಬಿ ಇಬ್ಬರು ಹೆಂಗಸರು ನೂಕುವುದು. ಫ್ಯಾಕ್ಟರಿ ಮುಚ್ಚಿ ಬಹಳ ಕಾಲವಾಯಿತು. ಅದನ್ನು ನಡೆಸಿದವರ ಮಗ, ಈಗ ಮುದುಕರು, ಆಯಿ ಬಾಯಲ್ಲಿ ಇನ್ನೂ ‘ಸಾವಕಾರ್ರು’, ಅದೇ ಊರಲ್ಲಿ ಇದ್ದಾರೆ. ಒಮ್ಮೆ ರಜೆಯಲ್ಲಿ ಆಯಿ ಅವರ ಮನೆಗೆ ಶಾವಿಗೆ ಕೊಡಲು ಹೊರಟಳು. ನಾನೂ ಹೋದೆ.

ಹಿತ್ತಲಿಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಅರಿಸಿನದ ಎಲೆಗಳು ಅಲುಗಿದವು. ಎಲೆಗಳ ಕೆಳಗಿನಿಂದ ಒಂದು ಇಂಜಿನ್ ಹೊರಬಂತು, ನನ್ನ ಚಪ್ಪಲಿಗಿಂತ ಸ್ವಲ್ಪ ಉದ್ದ. ಅದರ ಹಿಂದೆ ಸಾಲಾಗಿ ಪುಟ್ಟ ಡಬ್ಬಿಗಳು, ಆಯಿ ಹೇಳುತ್ತಿದ್ದ ಮಣ್ಣಿನ ಡಬ್ಬಿಗಳ ಹಾಗೆಯೇ. ಮೂರು ಬೆರಳಗಲದ ಹಳಿ ದಾಸವಾಳ ಸುತ್ತಿ, ಬಾವಿಕಟ್ಟೆ ಬಳಸಿ, ಹಲಸಿನ ಮರದ ಬುಡದಲ್ಲಿ ತಿರುಗಿ ಮತ್ತೆ ಅರಿಸಿನದೊಳಗೆ ಮರೆಯಾಗುತ್ತಿತ್ತು. ಇಂಜಿನ್ನಿನ ಹೊಟ್ಟೆಯಲ್ಲಿ ಬ್ಯಾಟರಿ ಇತ್ತು, ಅದು ನನಗೆ ಗೊತ್ತಾಯಿತು. ಗೊತ್ತಾದರೂ ಅದು ಮತ್ತೆ ಹೊರಬರುವುದನ್ನೇ ಬಗ್ಗಿ ಕಾದೆ.

“ಬಾ ಬಾಳಾ, ಕುಂದರ,” ಎಂದರು ಸಾವಕಾರರು. ಅವರ ಕನ್ನಡದಲ್ಲಿ ಅರ್ಧ ಮರಾಠಿ. “ಎಲ್ಲಾರೂ ರಾಜಧಾನಿ ಎಕ್ಸ್‌ಪ್ರೆಸ್ ಮಾಡ್ರಿ ಅಂತಾರ. ನನಗ ಇದ ಛಲೋ. ಇದಕ್ಕ ಟಿಕೀಟಿಲ್ಲ, ಸ್ಟೇಶನ್ ಇಲ್ಲ. ಮಣ್ಣು ತರತದ, ಸುರೂತದ, ಹೋಗತದ.”

ಆಯಿ ಬಗ್ಗಿ ನೋಡಿ ನಕ್ಕಳು. “ಸಾವಕಾರ್ರ, ನಾವು ನೂಕಿದ್ವಿ, ನಿಮ್ದು ತಾನ ಓಡತೈತಿ. ಆವಾಗ ಎಲ್ಲಿಟ್ಟಿದ್ರಿ ಈ ಬುದ್ಧಿ?”

ಮುದುಕರು ಜೋರಾಗಿ ನಕ್ಕರು. ನಾನು ಮಾತ್ರ ಡಬ್ಬಿಗಳನ್ನೇ ನೋಡುತ್ತಿದ್ದೆ. ದೊಡ್ಡ ರೈಲನ್ನು ಅಳತೆ ಮಾಡಿದ್ದು ಊರೂರಿನ ದೂರ ನೋಡಿ. ಆಯಿ ನೂಕಿದ ಡಬ್ಬಿಯನ್ನು ಅಳತೆ ಮಾಡಿದ್ದು ಅವಳಂಥವರ ಮೈ ನೋಡಿ: ಅಂಚು ಅವಳ ಎದೆಮಟ್ಟಕ್ಕೆ, ಭಾರ ಇಬ್ಬರ ಕಾಲಿಗೆ ತಡೆಯುವಷ್ಟು, ಸುರಿಯುವಾಗ ಒಂದೇ ನೂಕಿಗೆ ಮಗುಚುವ ಹಾಗೆ ತಳ ಚೂಪು. ಅಷ್ಟು ಯೋಚನೆ ಮಾಡಿದವರು ಯಾರೋ, ಯಾವ ದೇಶದವರೋ. ಆ ಯೋಚನೆ ಮಾತ್ರ ನನ್ನ ಕಣ್ಣ ಮುಂದೆ ಅಂಗೈ ಗಾತ್ರದಲ್ಲಿ ನಡೆದು ಹೋಯಿತು.

ಅಂಥದ್ದೊಂದು ಡಬ್ಬಿಯನ್ನು ನಾನೇ ಲೆಕ್ಕ ಹಾಕಿ ಮಾಡುತ್ತೇನೆ, ನಿಜವಾದ ಹಸಿ ಮಣ್ಣು ಹೊತ್ತು ಓಡಬೇಕು, ಕೊನೆಯಲ್ಲಿ ತಾನೇ ಮಗುಚಬೇಕು ಎಂದು ಕಾಲೇಜಿನಲ್ಲಿ ಹೇಳಿದೆ. ನನ್ನ ಜೊತೆಗಿದ್ದ ಇಬ್ಬರು ಇದು ಆಟಿಕೆ ಎಂದು ಬೇರೆ ತಂಡ ಸೇರಿದರು. ಮಾರ್ಗದರ್ಶಕರಾದ ಮೇಡಂ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: “ಮೇಜಿನ ಮೇಲೆ ಏನು ಬೇಕಾದರೂ ಓಡುತ್ತದೆ. ಪರೀಕ್ಷಕರನ್ನು ಆ ಸಾವಕಾರರ ತೋಟಕ್ಕೇ ಕರೆತರುತ್ತೇನೆ. ಅಲ್ಲಿ ಪೂರ್ತಿ ಒಂದು ಸುತ್ತು ಬೀಳದೆ ಬರಬೇಕು.”

ಅಪ್ಪ ಗಾಲಿಗಳನ್ನು ಎರಕ ಹೊಯ್ದು ಕೊಟ್ಟ. ಹೀಯಾಳಿಸಿದ ಕಾಕಾನೇ ಅವನ್ನು ಲೇಥಿಗೆ ಹಾಕಿದ. “ಗೊಂಬಿ ಗಾಡಿ ಮಾಡಿ ಡಿಗ್ರಿ ತಗೋತೀಯೇನ?” ಎನ್ನುತ್ತಲೇ ಚೌಕಟ್ಟಿನಲ್ಲಿ ಗಾಲಿಗಳನ್ನು ಜೋಡಿಸುವ ಇರುಸು ಕೂರುವ ತೂತುಗಳನ್ನು ಕೊರೆದ. ನಮ್ಮ ಮನೆಯವರಿಗೆ ಒಂದು ಹಟ ಇದೆ. ಪಂಪಿನ ಬಿಡಿಭಾಗ ಮಾಡುವ ಜನ ನಾವು. ಇರುಸು ತೂತಿನಲ್ಲಿ ಅಲುಗಿದರೆ ಮಾನ ಹೋದ ಹಾಗೆ. ಕಾಕಾ ಮುಗಿಸಿದ ಮೇಲೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಸಪ್ಪಳವಿಲ್ಲ. “ಕೂದಲ ಎಳಿ ಸುದ್ದಾ ಹೋಗೂದಿಲ್ಲ ನೋಡು,” ಎಂದ. ನನಗೂ ಹೆಮ್ಮೆಯಾಯಿತು.

ಮನೆಯ ನೆಲದ ಮೇಲೆ ಅದು ನೀರಿನ ಹಾಗೆ ಜಾರಿತು. ತೋಟದಲ್ಲಿ ಹಲಸಿನ ಮರದ ತಿರುವಿಗೆ ಹೋದದ್ದೇ ಹಳಿ ಬಿಟ್ಟು ಬಿತ್ತು. ಬೇರು ಅಲ್ಲಿ ಒಂದು ಹಳಿಯನ್ನು ಚೂರು ಎತ್ತಿತ್ತು. ಮಣ್ಣು ಕಡಿಮೆ ಮಾಡಿದೆ, ಬಿತ್ತು. ಮೆಲ್ಲಗೆ ಓಡಿಸಿದೆ, ಬಿತ್ತು. ಸಾವಕಾರರ ಹಳೆಯ ಡಬ್ಬಿಗಳು, ತುಕ್ಕು ಹಿಡಿದು ಕಟಕಟ ಅನ್ನುವವು, ಅದೇ ತಿರುವಿನಲ್ಲಿ ಆರಾಮಾಗಿ ಹೋಗುತ್ತಿದ್ದವು.

“ಹಂಗ್ಯಾಕ್ರಿ ಅಜ್ಜಾರ?” ಎಂದು ಸಾವಕಾರರನ್ನು ಕೇಳಿದೆ.

“ನನಗೇನ ಗೊತ್ತ, ಬಾಳಾ? ಫೋಟೋ ನೋಡಿ ಹೆಂಗಿತ್ತೋ ಹಂಗ ಮಾಡಿಸೇನಿ.”

ಪರೀಕ್ಷೆ ಹತ್ತಿರ ಬಂತು. ಒಂದು ಮಧ್ಯಾಹ್ನ ಆಯಿಯನ್ನು ಕರೆದುಕೊಂಡು ಮುಚ್ಚಿದ ಫ್ಯಾಕ್ಟರಿಗೆ ಹೋದೆ. ಹಂಚು ಮಾಡಿದವರ ಶೆಡ್ಡಿಗೇ ಹಂಚಿರಲಿಲ್ಲ, ಬಳ್ಳಿ ಹಬ್ಬಿತ್ತು. ಒಳಗೆ ಎರಡು ದೊಡ್ಡ ಡಬ್ಬಿಗಳಿದ್ದವು. ಒಂದರ ಅಂಚು ಕೈ ಉಜ್ಜಿ ಉಜ್ಜಿ ನುಣುಪಾಗಿತ್ತು. ನಾನು ಮಂಡಿಯೂರಿ ಕೆಳಗೆ ನೋಡಿದೆ. ಇರುಸಿನ ತುದಿ ಕೂರುವ ಕಬ್ಬಿಣದ ಪೆಟ್ಟಿಗೆಗೂ ಅದರ ಮೇಲಿನ ಚೌಕಟ್ಟಿಗೂ ನಡುವೆ ನನ್ನ ಬೆರಳು ಹೋಯಿತು. ಸವೆದಿರಬೇಕು ಅಂದುಕೊಂಡೆ. ಇನ್ನೊಂದಕ್ಕೆ ಹೋದೆ. ಅದು ಕೆಲಸಕ್ಕೇ ಇಳಿಯದ ಡಬ್ಬಿ. ಗಾಲಿಯ ಅಂಚಿನಲ್ಲಿ ಡಬ್ಬಿ ಮಾಡಿದವರು ಬಳಿದ ಬಣ್ಣ ಹಾಗೇ ಇತ್ತು. ಅಲ್ಲಿಯೂ ಬೆರಳು ಹೋಯಿತು.

“ಏಳಬೇ, ಹಾವು ಗೀವು ಇರ್ತಾವು,” ಎಂದಳು ಆಯಿ.

ನಾನು ಏಳಲಿಲ್ಲ. ಬೇಕೆಂದೇ ಸಡಿಲ ಬಿಟ್ಟಿದ್ದರು. ನೆಲ ಕುಸಿಯುತ್ತದೆ, ಮಳೆಗೆ ಹಳಿ ಓರೆಯಾಗುತ್ತದೆ, ಅದನ್ನು ಸರಿ ಮಾಡಲು ಯಾರೂ ಬರುವುದಿಲ್ಲ ಎಂದು ಮೊದಲೇ ತಿಳಿದು, ಗಾಲಿ ತನ್ನ ಭಾರಕ್ಕೆ ತಾನೇ ತಗ್ಗಿಗೆ ಇಳಿಯಲಿ ಎಂದು ಜಾಗ ಬಿಟ್ಟಿದ್ದರು. ನಾಲ್ಕು ವರ್ಷ ಓದಿದ ಯಾವ ಪಾಠವೂ ನನ್ನ ಮೈಮೇಲೆ ಹಾಗೆ ಮುಳ್ಳು ಎಬ್ಬಿಸಿರಲಿಲ್ಲ. ಗುಡಿಯಲ್ಲಿ ಕೂತ ಹಾಗೆ ಆ ಕಬ್ಬಿಣದ ಕೆಳಗೆ ಕೂತಿದ್ದೆ.

ಕಾಕಾನನ್ನು ಒಪ್ಪಿಸುವುದು ಇನ್ನೊಂದು ಪರೀಕ್ಷೆಯಾಯಿತು.

“ತೂತು ಮ್ಯಾಲಕ್ಕ ಉದ್ದ ಮಾಡಬೇಕಾ? ಸಡಲ? ನನ್ನ ಕೈಲೆ?”

“ಹೌದು ಕಾಕಾ.”

“ಗಿರಾಕಿ ನೋಡಿದ್ರ ಏನಂದಾರು? ಕಣ್ಣ ಕಾಣೂದಿಲ್ಲ ಇವಗ ಅಂತಾರ.”

ಬೈದುಕೊಳ್ಳುತ್ತಲೇ ಎದ್ದು ಅಂಗಡಿಯ ಶಟರ್ ಅರ್ಧ ಎಳೆದ. ಆ ಅರೆಗತ್ತಲಲ್ಲಿ, ಕಳ್ಳ ಮಾಲು ಮುಟ್ಟುವವನ ಹಾಗೆ ಹೊರಗೆ ನೋಡಿ ನೋಡಿ, ತೂತುಗಳಿಗೆ ಅರ ಹಾಕಿ ಉಜ್ಜಿದ. ಮುಗಿದ ಮೇಲೆ ಈ ಸಲ ಕಿವಿಯ ಹತ್ತಿರ ಹಿಡಿಯಲಿಲ್ಲ. ಮುಖ ಆ ಕಡೆ ಮಾಡಿ ನನ್ನ ಕೈಗೆ ಕೊಟ್ಟ.

ಪರೀಕ್ಷಕರು ಖಾನಾಪುರಕ್ಕೆ ಬಂದ ದಿನ ಬೆಳಗ್ಗೆ ಮಳೆಯಾಗಿತ್ತು. ಅವರು ಮೊದಲು ಮಾಡಿದ್ದು ನನ್ನ ಡಬ್ಬಿಯನ್ನು ಎತ್ತಿ ಅಲುಗಿಸಿದ್ದು. ಕಟಕಟ ಅಂದಿತು.

“ಇದೇನಮ್ಮಾ, ಫಿಟಿಂಗ್ ಸರಿಯಿಲ್ಲ. ಇದಕ್ಕೆ ಪಾಸ್ ಹಾಕಬೇಕೆ?”

ಅಪ್ಪನ ಫೌಂಡ್ರಿಯಲ್ಲಿ ಅದೇ ಮಾತು ಹೇಳಿದರೆ ಮಾಲು ವಾಪಸ್ ಎಂದರ್ಥ. “ಬೇಕಂತಲೇ ಬಿಟ್ಟಿದ್ದು ಸರ್,” ಎಂದಷ್ಟೇ ಹೇಳಿ, ಡಬ್ಬಿಯನ್ನು ಹಳಿಯ ಮೇಲಿಟ್ಟು ಹಸಿ ಮಣ್ಣು ತುಂಬಿ ಇಂಜಿನ್ ಬಿಟ್ಟೆ.

ದಾಸವಾಳ ದಾಟಿತು. ಬಾವಿಕಟ್ಟೆ ದಾಟಿತು. ಹಲಸಿನ ಮರದ ತಿರುವಿನಲ್ಲಿ ಮಳೆಗೆ ಹಳಿ ಇನ್ನೂ ಕೆಟ್ಟಿತ್ತು. ಮುಂದಿನ ಗಾಲಿ ಬೇರು ಎತ್ತಿದ ಹಳಿಯ ಮೇಲೆ ಏರಿತು, ಪಕ್ಕದ್ದು ತಾನೇ ಕೆಳಗಿಳಿದು ಹಳಿಯನ್ನು ಹಿಡಿದುಕೊಂಡಿತು. ಡಬ್ಬಿ ಒಮ್ಮೆ ಓಲಾಡಿತು, ತಲೆಯ ಮೇಲೆ ಕೊಡ ಹೊತ್ತವಳು ಕಾಲುವೆ ದಾಟುವಾಗ ಸೊಂಟ ತಿರುಗಿಸುವ ಹಾಗೆ. ಮತ್ತೆ ನೆಟ್ಟಗಾಯಿತು. ಅರಿಸಿನದೊಳಗೆ ಹೋಗಿ ಮರೆಯಾಯಿತು. ಆ ಕಡೆಯಿಂದ ಹೊರಬಂದು, ನಮ್ಮೆಲ್ಲರ ಮುಂದೆ ಮಗುಚಿ, ಮಣ್ಣನ್ನು ಸುರಿದು ನಿಂತಿತು.

ಪರೀಕ್ಷಕರು ಪ್ಯಾಂಟಿಗೆ ಕೆಸರಾಗುವುದನ್ನೂ ನೋಡದೆ ನೆಲಕ್ಕೆ ಕೂತರು. “ಇನ್ನೊಂದು ಸಲ ಬಿಡು,” ಎಂದರು. ಆಮೇಲೆ ಇನ್ನೊಂದು ಸಲ. ಪ್ರಶ್ನೆ ಕೇಳಿದ್ದು ಅದಾದ ಮೇಲೆ. ಎಲ್ಲಕ್ಕೂ ಉತ್ತರ ಹೇಳಿದೆ, ಕನ್ನಡದಲ್ಲೇ. ಅವರೂ ತಡೆಯಲಿಲ್ಲ.

ಘಟಿಕೋತ್ಸವದ ಮರುದಿನ ಪದವಿಯ ಪ್ರಮಾಣಪತ್ರ ತೆಗೆದುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಆಯಿ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು, ಭಾರದ ಸಾಮಾನು ಇಸಿದುಕೊಳ್ಳುವವರ ಹಾಗೆ. ನಾನು ಅದನ್ನು ಅವಳ ಕೈಯಲ್ಲಿಟ್ಟೆ. ಅವಳಿಗೆ ಓದಲು ಬರುವುದಿಲ್ಲ. ತಿರುಗಿಸಿ ನೋಡಿದಳು, ಹಿಂದಿನ ಖಾಲಿ ಕಡೆಯನ್ನೂ ನೋಡಿದಳು.

“ಎಷ್ಟ ಹಗರ ಐತಬೇ ಇದು,” ಎಂದಳು. “ಗಾಳಿಗೆ ಹಾರೀತು. ಒಳಗ ತಗಡಿನ ಪೆಟಗ್ಯಾಗ ಇಡು, ಮ್ಯಾಲ ಏನರೆ ಒಜ್ಜಿ ಹೇರು.”