ಕೇಬಲ್‌ನವನ ಸಮಾನತೆ

ಕಾಂಗೇಯಂನಲ್ಲಿ ನಮ್ಮ ಬೀದಿಗೆಲ್ಲ ಇಂಟರ್ನೆಟ್ ಕೊಟ್ಟವನು ಕೇಬಲ್‌ನವನು. "ನಮ್ಮ ಲೈನಲ್ಲಿ ಎಲ್ಲಾರೂ ಒಂದೇ ಅವ್ವಾ" ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಕಷ್ಟದ ಪ್ರಶ್ನೆ ಕೇಳಿದರೆ ಹೆಗಲ ಟವೆಲು ತೆಗೆದು ನಮ್ಮ ಟೀವಿ ಒರೆಸುತ್ತಿದ್ದ. ಹಾಗಾಗಿ ನಮ್ಮ ಟೀವಿ ಸದಾ ಥಳಥಳ.

ಮಸ್ಕತ್‌ನಲ್ಲಿ ನನ್ನ ಮಗಳು ಹೆತ್ತಳು. ಮೊದಲ ಮೊಮ್ಮಗ! ಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಆದರೆ ಮಗಳು ವಿಡಿಯೋ ಕರೆ ಮಾಡಿದರೆ ನಮ್ಮ ಕಂಪ್ಯೂಟರಿನಲ್ಲಿ ಕೂಸಿನ ಮುಖ ಬಂದ ಕೂಡಲೇ ಕಲ್ಲಾಗಿ ನಿಲ್ಲುತ್ತಿತ್ತು, ದನಿ ಬರುತ್ತಲೇ ಇರಲಿಲ್ಲ. ಸಿನಿಮಾ ಹಾಡು ಮಾತ್ರ ನೀರಿನಂತೆ ಹರಿಯುತ್ತಿತ್ತು.

ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಕೇಬಲ್‌ನವನು ಟೀವಿ ಒರೆಸಿದ. "ಕಡಲು ದಾಟಿ ಬರ್ಬೇಕಲ್ಲ ಅವ್ವಾ. ನಮ್ಮ ಭಾವನ ಬೂತಿಂದ ಫೋನ್ ಮಾಡಿ, ಚೆನ್ನಾಗಿ ಕೇಳ್ಸುತ್ತೆ."

"ಬೂತಿನ ಫೋನಲ್ಲಿ ಕೂಸಿನ ಮೂಗು ಕಾಣುತ್ತೇನಪ್ಪಾ?"

ಇನ್ನೊಮ್ಮೆ ಒರೆಸಿದ.

ಮಾರನೆಯ ದಿನ ದೂರು ಹೇಳಲು ಅವನ ಮನೆಗೇ ಹೋದೆ. ಅವನಿರಲಿಲ್ಲ. ಹೆಂಡತಿ ಕಂಪ್ಯೂಟರಿನ ಮುಂದೆ ಕುಳಿತು ದುಬೈಯ ತಂಗಿಯೊಂದಿಗೆ ನಗುತ್ತಿದ್ದಳು. ಎದುರು ಮನೆಯವಳೊಡನೆ ಮಾತಾಡಿದಷ್ಟು ಸಲೀಸು!

"ನಿಮ್ಮನೇಲಿ ಹೆಂಗಮ್ಮಣಿ ಓಡುತ್ತೆ?"

"ಬೀದಿ ಲೈನಲ್ಲಿ ಮಾತು ಓಡದಂಗೆ ಇವರೇ ತಡೆ ಹಾಕವ್ರೆ ಅವ್ವಾ. ಇಲ್ದಿದ್ರೆ ನಮ್ಮಣ್ಣನ ಬೂತಿಗೆ ಯಾರು ಬರ್ತಾರೆ?" ಎಂದಳು ಆ ಕಪಟವಿಲ್ಲದ ತಾಯಿ.

ಅಲ್ಲಿಯೇ ಕುಳಿತು ಮಗಳಿಗೆ ಕರೆ ಮಾಡಿಸಿದೆ. ಮೊಮ್ಮಗ ಬಾಯಿ ತೆರೆದು ಅತ್ತ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಕೇಬಲ್‌ನವನು ಬಂದು ಬಾಗಿಲಲ್ಲೇ ನಿಂತ.

"ಬಾಪ್ಪಾ ಮಗನೇ, ನನ್ನ ಮೊಮ್ಮಗನ ಗಂಟಲು ಕೇಳು!"

"ಏಳಿ ಅವ್ವಾ, ನಿಮ್ಮನೆ ಲೈನಿಗೆ ತಡೆ ತೆಗ್ದು ಬಿಟ್ಕೊಡ್ತೀನಿ."

"ಬೀದಿಗೆಲ್ಲಾ ಬಿಡು, ಏಳ್ತೀನಿ" ಎಂದು ಅವನ ಹೆಂಡತಿಯ ಹತ್ತಿರ ಇನ್ನೊಂದು ಲೋಟ ಕಾಪಿ ಕೇಳಿದೆ.