ಪುಟ ಹಾರಿಸುವ ಮರೆವಿನಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಶಾಲೆಯ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಮರೆವಿನಕ್ಕ ಆಗಲೇ ಚಾಪೆ ಹಾಸಿ, ಹರಿದ ಕಥೆಪುಸ್ತಕಕ್ಕೆ ಟೇಪ್ ಅಂಟಿಸಲು ಕೂತಿದ್ದಾರೆ. ಟೇಪಿನ ತುದಿ ಉಗುರಿಗೆ ಸಿಗುತ್ತಿಲ್ಲ. "ಇದನ್ನ ಮಾಡಿದ ಪುಣ್ಯಾತ್ಮ ತುದಿ ಎಲ್ಲಿ ಅಂತಾನೂ ಹೇಳಿ ಹೋಗ್ಬಾರ್ದಿತ್ತಾ?" ಎಂದು ಗೊಣಗುತ್ತಾರೆ.

ಓದಲು ತಡವರಿಸುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದು ಇವರ ಕೆಲಸ. ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದರು. ದಿನಕ್ಕೆ ಇಪ್ಪತ್ತು ಮಕ್ಕಳು. ಸಂಜೆಗೆ ಗಂಟಲು ಕಟ್ಟಿರುತ್ತದೆ. "ಮನೇಲಿ ನಮ್ಮ ಯಜಮಾನರಿಗೆ ಅದೇ ಖುಷಿ. ಬೈಯೋಕೆ ನನಗೆ ದನಿ ಇರಲ್ಲ ನೋಡಿ!"

ಇವರದು ಒಂದೇ ಉಪಾಯ. ಕಥೆ ರಂಗೇರುವ ಹೊತ್ತಿಗೆ ಬೇಕೆಂದೇ ಎರಡು ಪುಟ ಒಟ್ಟಿಗೆ ಮಗುಚಿಬಿಡುತ್ತಾರೆ. "ಅಕ್ಕಾ, ನಡುವಿಂದು ಬಿಟ್ರಿ!" ಎಂದು ಮಕ್ಕಳು ಮುಗಿಬೀಳುತ್ತಾರೆ. "ಅಯ್ಯೋ, ನನ್ನ ಮರೆವಿಗಿಷ್ಟು! ಎಲ್ಲಿ, ನೀವೇ ಓದಿ" ಅಂದರೆ ಮುಗಿಯಿತು, ಓದು ತಾನಾಗಿ ಸಾಗುತ್ತದೆ. ಹೆಸರು ಬಿದ್ದದ್ದೂ ಹೀಗೇ. "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?" ಎನ್ನುತ್ತಾರೆ.

ಇವತ್ತು ಮಾತ್ರ ಅಕ್ಕನಿಗೆ ಕೈಕಾಲು ಆಡುತ್ತಿಲ್ಲ. ವರ್ಷವಿಡೀ ಚಾಪೆಯ ಮೇಲೆ ಕೂತರೂ ಬಾಯಿ ಬಿಡದ ಹುಡುಗಿ ಪುಟ್ಟಿ. ತುಟಿ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ಇವತ್ತು ಮುಖ್ಯ ಶಿಕ್ಷಕಿಯ ಮುಂದೆ ಓದದಿದ್ದರೆ ಗೆಳತಿಯರೆಲ್ಲ ಮುಂದಿನ ತರಗತಿಗೆ, ಇವಳೊಬ್ಬಳು ಇಲ್ಲೇ.

ಮಕ್ಕಳ ಬಾಯಲ್ಲಿ 'ದೊಡ್ಡ ಟೀಚರ್' ಆದ ಅವರು ಬಂದು ಹಳ್ಳಕ್ಕೆ ಬಿದ್ದ ಕುರಿಮರಿಯ ಕಥೆ ತೆರೆಯುತ್ತಾರೆ. ಪುಟ್ಟಿಯ ಕಣ್ಣು ಸಾಲಿನ ಮೇಲೆ ಸರಿಯುತ್ತದೆ, ತುಟಿಯಷ್ಟೇ ಅಲ್ಲಾಡುತ್ತದೆ. ಅಕ್ಕ ಟೇಪಿನ ಸುರುಳಿಯನ್ನು ಹಿಂಡುತ್ತ ನಿಂತಿದ್ದಾರೆ.

"ಹೋಗ್ಲಿ ಬಿಡಮ್ಮಾ, ಕೊನೇ ಪುಟ ಓದು. ಎರಡೇ ಸಾಲು" ಎಂದು ದೊಡ್ಡ ಟೀಚರ್ ಕನಿಕರದಿಂದ ಪುಟಗಳನ್ನು ಹಾರಿಸುತ್ತಾರೆ.

ಪುಟ್ಟಿಯ ಕೈ ಥಟ್ಟನೆ ಪುಸ್ತಕದ ಮೇಲೆ ಬೀಳುತ್ತದೆ. "ಟೀಚರ್, ಮರಿ ಇನ್ನೂ ಹಳ್ಳದಲ್ಲೇ ಇದೆ! ಮೇಲೆ ಬರದೆ ಮನೆಗೆ ಹೇಗೆ ಹೋಗತ್ತೆ?"

ಪುಟ ಹಿಂದಕ್ಕೆ ತಿರುಗಿಸಿ, ಅಕ್ಷರದ ಕೆಳಗೆ ಬೆರಳಿಟ್ಟು, ಎಡವುತ್ತ ತಡೆಯುತ್ತ ಗಟ್ಟಿಯಾಗಿ ಓದುತ್ತಾಳೆ. ಮರಿ ಮೇಲೆ ಬರುವವರೆಗೂ ನಿಲ್ಲಿಸುವುದಿಲ್ಲ. "ಇವಳನ್ನ ಇಲ್ಲಿ ಕೂರಿಸ್ಕೊಂಡು ನಾನೇನು ಮಾಡ್ಲಿ? ಮುಂದಕ್ಕೆ ಕಳಿಸಿ!" ಎಂದು ದೊಡ್ಡ ಟೀಚರ್ ನಗುತ್ತಾರೆ. ಅಕ್ಕನಿಗೆ ಸಂತೋಷ ತಡೆಯಲಾಗದೆ ಕಣ್ಣು ತುಂಬಿ ಬರುತ್ತದೆ.

ನಿಮಗೇನು ಬೇಕು ಎಂದು ನಾವು ಅಕ್ಕನನ್ನು ಕೇಳಿದರೆ, "ತುದಿ ಸಿಗೋ ಟೇಪ್ ಒಂದು ಕೊಡಿಸಿ, ಸಾಕು. ಪುಟ ಬಿಡೋದು ಬೇಕಂತಲೇ ಅಂತ ಮಾತ್ರ ಮಕ್ಕಳಿಗೆ ಹೇಳ್ಬೇಡಿ" ಎನ್ನುತ್ತಾರೆ.

ಅಷ್ಟರಲ್ಲಿ ಪುಟ್ಟಿ ಓಡಿಬಂದು ಅವರ ಕಿವಿಯಲ್ಲಿ ಹೇಳುತ್ತಾಳೆ: "ಅಕ್ಕಾ, ಹೊಸ ಮಕ್ಕಳು ಬಂದಾಗ ನನ್ನ ಕರೀರಿ. ನಿಮ್ಮೊಬ್ಬರಿಗೇ ಬಿಟ್ರೆ ಕಥೆ ಗತಿ ಏನು?"

"ಕರೀತೀನಿ ಕಣೇ" ಎನ್ನುತ್ತಾರೆ ಮರೆವಿನಕ್ಕ. "ಇದೊಂದು ಮರೆಯಲ್ಲ."