ಎಡಗೈಯ ಥ್ರಾಟಲ್

ಅಣ್ಣ ಯುದ್ಧವಿಮಾನದ ಪೈಲಟ್. ಪಾರ್ಶ್ವವಾಯು ಹೊಡೆದ ಮೇಲೆ ಆಸ್ಪತ್ರೆಯಿಂದ ಹೈದರಾಬಾದಿನ ನಾರಾಯಣಗೂಡದ ಮನೆಗೆ ಬಂದಿದ್ದ. ನಡೆಯುತ್ತಿದ್ದ, ಮಾತು ಸ್ಪಷ್ಟವಾಗಿತ್ತು, ಎಡಗೈಯ ಹಿಡಿತವೂ ಅಷ್ಟಿಷ್ಟು ಮರಳಿತ್ತು. ಮತ್ತೆ ಹಾರಬಹುದೇ ಎಂದು ನಿರ್ಧರಿಸುವ ವೈದ್ಯರ ಮಂಡಳಿ ಮರುದಿನ ಅವನನ್ನು ಕರೆದಿತ್ತು. ಪತ್ರಿಕೆಯ ಕೆಲಸಕ್ಕೆ ರಜೆ ಹಾಕಿ ನಾನೂ ಅವನ ಮನೆಗೆ ಹೋಗಿದ್ದೆ.

ಪೈಲಟ್‌ಗಳಲ್ಲಿ ಒಂದು ರೂಢಿಯಿದೆ. ಹಾರುವ ಮುನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಇಡೀ ಹಾರಾಟವನ್ನು ಕೈಕಾಲು ಆಡಿಸುತ್ತ ಅಭ್ಯಾಸ ಮಾಡುತ್ತಾರೆ. ಬಲಗೈಗೆ ವಿಮಾನ ತಿರುಗಿಸುವ ಕೋಲು, ಎಡಗೈಗೆ ವೇಗ ಏರಿಸಿ ಇಳಿಸುವ ಥ್ರಾಟಲ್. ಅಣ್ಣ ಊಟದ ಮೇಜಿನ ಕುರ್ಚಿಯೊಂದನ್ನು ಹಾಲ್‌ನ ನಡುವೆ ಎಳೆದುಕೊಂಡ.

‘ಥ್ರಾಟಲ್ ಪೂರಾ ಮುಂದ,’ ಎಂದ. ‘ಹೊಂಟಿತು.’

ಬಲಗೈ ಗಾಳಿಯಲ್ಲೇ ಕೋಲನ್ನು ಎಳೆಯಿತು. ಕಡಿದಾದ ತಿರುವಿನಲ್ಲಿ ರಕ್ತ ಕಾಲಿಗಿಳಿದು ಕಣ್ಣು ಕತ್ತಲಾಗದಂತೆ ಹೊಟ್ಟೆ ಬಿಗಿಹಿಡಿದು ಉಸಿರು ಕಟ್ಟಿದ. ಯಾವ ಹಂತವನ್ನೂ ಬಿಡಲಿಲ್ಲ. ಎಡಗೈ ಮಾತ್ರ ಮೊದಲಿನಿಂದ ಕೊನೆಯವರೆಗೆ ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

ವಿಮಾನ ಇಳಿಸಿ ಕಣ್ಣು ತೆರೆದ. ಮುಖದ ತುಂಬ ಬೆವರು, ನಗು. ‘ಹೆಂಗ ಬಂತು?’

‘ಎಡಗೈ ಅಳ್ಳಾಡಲೇ ಇಲ್ಲ ಅಣ್ಣಾ.’

‘ಹುಚ್ಚಿ! ಮುಂದ ಒತ್ತೀನಲ್ಲ, ಕಾಣಂಗಿಲ್ಲೇನು? ಪೇಪರ್‌ನ್ಯಾಗೂ ಹಿಂಗ ಬರೀತಿ ಏನು? ಏ, ನೀನಾರ ಹೇಳ ಈಕಿಗೆ.’

ಅಡುಗೆಮನೆಯ ಬಾಗಿಲಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದ ಅವನ ಹೆಂಡತಿ, ನಮ್ಮ ವೈನಿ, ಕೈ ನಿಲ್ಲಿಸಿದರು. ‘ಆಕಿ ಖರೇನ ಹೇಳಾಕತ್ತಾಳ್ರಿ. ನಾನೂ ನೋಡಿದ್ನಿ.’

ಅವನು ಸುಳ್ಳು ಹೇಳಿರಲಿಲ್ಲ. ಕೈ ಮುಂದೆ ಹೋದಂತೆಯೇ ಅವನಿಗೆ ನಿಜವಾಗಿಯೂ ಅನುಭವವಾಗಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಕಣ್ಣು ಮುಚ್ಚದೆ ಎಡಗೈಯನ್ನೇ ದಿಟ್ಟಿಸಿದ. ಬೆರಳುಗಳು ಮಡಚಿಕೊಂಡವು, ಕೈ ಎದ್ದು ಮುಂದೆ ಸರಿಯಿತು.

‘ಬಂತ್ರಿ, ಬಂತು!’ ಎಂದರು ವೈನಿ.

ಅವನು ಬಲಗೈಯ ಕಡೆ ನೋಟ ಹೊರಳಿಸಿದ. ಎಡಗೈ ತೊಡೆಗೆ ಜಾರಿತು. ಜಾರಿದ್ದು ಅವನಿಗೆ ತಿಳಿಯಲಿಲ್ಲ. ನಮ್ಮ ಮುಖ ನೋಡಿ ತಿಳಿದುಕೊಂಡ.

ಅಷ್ಟು ವೇಗದ ವಿಮಾನದಲ್ಲಿ ಕಣ್ಣು ಎಲ್ಲೆಲ್ಲಿ ಇರಬೇಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಿಟಕಿಯಾಚೆ ಕೋಚಿಂಗ್ ಕ್ಲಾಸಿನ ಮಕ್ಕಳು ತೆಲುಗಿನಲ್ಲಿ ಕೂಗಾಡುತ್ತಿದ್ದರು. ಅವನು ಎದ್ದು ಕುರ್ಚಿಯನ್ನು ಊಟದ ಮೇಜಿನ ಬಳಿಗೆ ಮರಳಿ ಎಳೆದಿಟ್ಟ.

‘ಕೈ ಕಾಯ್ಕೊಂತ ಕುಂತ್ರ ಆಕಾಶ ಯಾರ ನೋಡಬೇಕು?’ ಎಂದ.

‘ನಾಳೆ ಡಾಕ್ಟ್ರು ಏನಂತಾರ ಕೇಳೂಣ್ರಿ,’ ಎಂದರು ವೈನಿ.

‘ಅವ್ರ ಕಡೆ ಹೇಳಿಸ್ಕೊಳ್ಳೂದೇನೈತಿ? ಹಾರಾಕ ಆಗಂಗಿಲ್ಲಂತ ನಾನ ಹೇಳಿ ಬರ್ತೀನಿ.’